ಕಸುಬು ಕೇಳುವ ಡಾಕ್ಟರಮ್ಮ

ಆಸ್ಬೆಸ್ಟಾಸ್ ಶೀಟಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮುದುಕ ಎದೆರೋಗದ ಡಾಕ್ಟರಮ್ಮನನ್ನು ಮೊದಲು ಕಂಡ ದಿನ, ಅವರು ಸ್ಟೆತಸ್ಕೋಪು ಮುಟ್ಟುವ ಮೊದಲೇ, “ನಲವತ್ತು ವರ್ಷದ ಹಿಂದೆ ಏನು ಕೆಲಸ ಮಾಡ್ತಿದ್ರಿ, ಯಜಮಾನ್ರೇ?” ಎಂದು ಕೇಳಿದರು. ಈ ಪ್ರಶ್ನೆ ಕೇಳದೆ ಅವರು ಹಾಲು ಹಾಕುವವನನ್ನೂ ಬಿಡುವವರಲ್ಲ. ಕಾರ್ಖಾನೆಯ ವೈದ್ಯನೋ ಹನ್ನೊಂದು ವರ್ಷ ಏನೊಂದೂ ಕೇಳದೆ ಇವನ ಕೆಮ್ಮಿಗೆ ‘ಬೀಡಿ ಕೆಮ್ಮು’ ಎಂದು ಬರೆದುಕೊಟ್ಟಿದ್ದ. “ಬೀಡಿ ಮುಟ್ಟಿದವನಲ್ಲಮ್ಮ,” ಎಂದ ಮುದುಕ. “ನೀವು ಬೀಡಿ ಸೇದಲಿಲ್ಲ, ಕಾರ್ಖಾನೆ ನಿಮ್ಮನ್ನ ಸೇದ್ತು,” ಎಂದು ಹಲ್ಲು ಕಚ್ಚಿದ ಡಾಕ್ಟರಮ್ಮ ಎಕ್ಸ್‌ರೇ, ಸ್ಕ್ಯಾನು ಮಾಡಿಸಿ, ಶ್ವಾಸಕೋಶದ ಪೊರೆಯಿಂದ ಚೂರು ತೆಗೆಸಿ ಪರೀಕ್ಷೆಗೆ ಕಳಿಸಿದರು, ಆಸ್ಬೆಸ್ಟಾಸ್ ಧೂಳಿನಿಂದ ಬರುವ ಕ್ಯಾನ್ಸರೆಂದು ಬಂತು. ಅದನ್ನು ತಿಳಿಸುವಾಗ ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿಯೂ ಕೆಮ್ಮಿದಳು. “ಇವರ ಕಾರ್ಖಾನೆ ಬಟ್ಟೆ ಯಾರು ಒಗೀತಿದ್ರು?” ಎಂದರು ಡಾಕ್ಟರಮ್ಮ. “ನಾನೇ ತಾಯಿ. ತುಂಬಾ ಬಿಳಿ ಧೂಳು. ಹೊಸ್ತಿಲಲ್ಲಿ ಚೆನ್ನಾಗಿ ಕೊಡವಿ ನೆನೆಹಾಕ್ತಿದ್ದೆ.” ಆಕೆಯ ಪರೀಕ್ಷೆಯೂ ಅದನ್ನೇ ಹೇಳಿತು. ಆಕೆ ತಮ್ಮಲ್ಲಿ ದುಡಿದವಳೇ ಅಲ್ಲವೆಂದು ಕಾರ್ಖಾನೆಯವರು ಕೈತೊಳೆದುಕೊಂಡರು. ಈಗ ಡಾಕ್ಟರಮ್ಮ ಆ ಕಾರ್ಮಿಕರ ಓಣಿಯಲ್ಲಿ ಮನೆಮನೆಗೆ ಹೋಗಿ ಹೆಂಗಸರ ಶ್ವಾಸಕೋಶ ಪರೀಕ್ಷಿಸುತ್ತಾರೆ. ಆ ಹೆಂಗಸರ ಚೀಟಿಗಳಲ್ಲಿ ‘ಉದ್ಯೋಗ’ದ ಮುಂದೆ ಗುಮಾಸ್ತ ಬರೆದ ‘ಮನೆಗೆಲಸ’ವನ್ನು ಹೊಡೆದುಹಾಕಿ, ‘ಶೀಟು ಕಾರ್ಖಾನೆ, ಬಟ್ಟೆ ಒಗೆಯುವ ವಿಭಾಗ’ ಎಂದು ತಾವೇ ಬರೆಯುತ್ತಾರೆ.