ಮುಚ್ಚಳದೊಳಗಿನ ನಕ್ಷೆ

ವೆಂಕಟಣ್ಣ ರಿಪೇರಿ ಮಾಡಿದ ರೇಡಿಯೊ ಬಿಚ್ಚಿದರೆ ಹಿಂಬದಿಯ ಮುಚ್ಚಳದೊಳಗೆ ಒಂದು ಕಾಗದ ಅಂಟಿರುತ್ತಿತ್ತು. ಸರ್ಕ್ಯೂಟಿನ ನಕ್ಷೆ, ಬದಲಿಸಿದ ಭಾಗದ ನಂಬರು, ಬದಲಿಸಿದ್ದೇಕೆ ಎಂಬುದು, ಎಲ್ಲವೂ ದುಂಡನೆಯ ಅಕ್ಷರದಲ್ಲಿ.

ಸಾಗರ ಪೇಟೆಯಲ್ಲಿ ಅವರ ಅಂಗಡಿಯಿದ್ದ ಬೀದಿಯಲ್ಲೇ, ಎದುರು ಸಾಲಿನಲ್ಲಿ ನನ್ನದೂ ರೇಡಿಯೊ ಅಂಗಡಿ. ನಾನು ಹಾಕಿದ ಐಸಿ ಚಿಪ್ಪಿನ ಮೇಲಿನ ನಂಬರನ್ನು ಬ್ಲೇಡಿನಿಂದ ಕೆರೆದುಬಿಡುತ್ತಿದ್ದೆ. ಬೇರೆ ರಿಪೇರಿಯವನಿಗೆ ಗೊತ್ತಾಗದಿದ್ದರೆ ಗಿರಾಕಿ ನನ್ನಲ್ಲಿಗೇ ಬರಬೇಕು. ನಾವೆಲ್ಲ ಕಲಿತದ್ದೇ ಹಾಗೆ.

“ಹೀಗೆ ಬರೆದು ಕೊಟ್ರೆ ನಿಮ್ಮ ಅಂಗಡಿಗೆ ಯಾರು ಬರ್ತಾರೆ ಮಾರಾಯ್ರೆ?” ಎಂದು ಕೇಳಿದ್ದೆ.

“ನಾನು ಸತ್ಮೇಲೂ ರೇಡಿಯೊ ಹಾಡ್ಬೇಕಲ್ವಾ?” ಎಂದು ನಕ್ಕಿದ್ದರು.

ಎಂಬತ್ತರ ದಶಕದ ಕೊನೆಗೆ ಅವರು ಬಿಡಿಭಾಗ ತರಿಸಿ ಒಂದೇ ಬೋರ್ಡಿನ ಮೇಲೆ ಪುಟ್ಟ ಕಂಪ್ಯೂಟರ್ ಕಟ್ಟಿ, ಮುಚ್ಚಳವಿರುವ ಡಬ್ಬಿಯೊಳಗೆ ಕೂರಿಸಿದರು. ಅದು ತೋರಿಸುತ್ತಿದ್ದದ್ದು ಗಂಟೆ ಮಾತ್ರ, ಕೆಂಪು ಅಂಕಿಗಳಲ್ಲಿ. ಕರೆಂಟು ಹೋದರೆ ಎಲ್ಲವನ್ನೂ ಮರೆತುಬಿಡುತ್ತಿತ್ತು. ಆಗ ಅವರ ಹೆಂಡತಿ ಸರೋಜಕ್ಕ ಪ್ರೋಗ್ರಾಮ್ ಬರೆದಿಟ್ಟ ನೋಟ್‌ಬುಕ್ ಹಿಡಿದು ಓದುವರು, “ಮೂರು ಇ. ಸೊನ್ನೆ ಸೊನ್ನೆ. ಮೂರು ಎರಡು.” ವೆಂಕಟಣ್ಣ ಗುಂಡಿ ಒತ್ತುವರು. ನಮ್ಮೂರಿನ ಕರೆಂಟಿಗೆ ದಿನಕ್ಕೆ ಎರಡು ಸಲವಾದರೂ ಇದು ನಡೆಯುತ್ತಿತ್ತು. ಸರೋಜಕ್ಕ ಕಲಿತ ಇಂಗ್ಲಿಷ್ ಅಕ್ಷರ ಆರೇ, ಆ ಸಂಕೇತಗಳಲ್ಲಿ ಬರುವ ಎ ಇಂದ ಎಫ್ ವರೆಗಿನವು.

“ಎಫ್ ಆದ್ಮೇಲೆ ಎಂತ ಇದ್ರೂ ನಂಗೆ ಬೇಡ,” ಎನ್ನುತ್ತಿದ್ದರು.

“ಹೊರಗೆ ಹೋಗಿ ಸೂರ್ಯನ್ನ ನೋಡೋದು ಸುಲಭ ಅಲ್ವಾ ಅಕ್ಕ?” ಎಂದು ನಾನು ಕೆಣಕಿದರೆ, “ಮಳೆಗಾಲದಲ್ಲಿ ತೋರ್ಸು ನಿನ್ನ ಸೂರ್ಯನ್ನ!” ಎಂದು ಬಾಯಿ ಮುಚ್ಚಿಸುತ್ತಿದ್ದರು.

ವೆಂಕಟಣ್ಣ ಕಾಮಾಲೆಯಿಂದ ಮಲಗಿದ್ದಾಗ ಬೋರ್ಡು ಕೆಟ್ಟಿತು. ನನಗೇ ಕೊಟ್ಟರು. ಸರಿಯಾದ ಐಸಿ ಸಿಗಲಿಲ್ಲ. ಬೇರೊಂದು ಹಾಕಿ, ಎರಡು ತಂತಿ ಬದಲಿಸಿ ಓಡಿಸಿದೆ. ಕೈ ತನ್ನಷ್ಟಕ್ಕೆ ಬ್ಲೇಡು ಹಿಡಿದು ನಂಬರು ಕೆರೆದಿತ್ತು. ವಾಪಸು ಕೊಟ್ಟಾಗ ಅವರು ಆ ಜಾಗವನ್ನು ಬೆರಳಿಂದ ಸವರಿದರು. “ಓಡ್ತಲ್ಲ, ಸಾಕು,” ಎಂದರು.

ಆ ಕಾಮಾಲೆಯಿಂದ ಅವರು ಏಳಲೇ ಇಲ್ಲ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಸರೋಜಕ್ಕ ಹೇಳಿ ಕಳಿಸಿದರು. ಬೋರ್ಡಿನ ಅಂಕಿಗಳು ಹೊತ್ತುತ್ತಿರಲಿಲ್ಲ.

“ಒಂದ್ಸಲ ಹತ್ಸಿಕೊಡು ಶ್ರೀಧರ. ಕರೆಂಟು ಬಂದ ಕೂಡ್ಲೆ ನನ್ನ ಬಾಯಿ ಶುರು ಮಾಡ್ತದೆ. ನೋಟ್‌ಬುಕ್ಕೂ ಬೇಡ. ಕೊನೇವರೆಗೂ ಹೇಳ್ತೀನಿ, ಆಮೇಲೆ ನೋಡಿದ್ರೆ ಒತ್ತೋರು ಯಾರೂ ಇಲ್ಲ.”

ಕೆಟ್ಟದ್ದು ನಾನು ಹಾಕಿದ ಐಸಿಯೇ. ಮುಚ್ಚಳ ತೆಗೆದು ಕಾಗದ ನೋಡಿದೆ. ಪ್ರತಿ ಭಾಗದ ಮುಂದೂ ನಂಬರಿತ್ತು. ಅದೊಂದರ ಮುಂದೆ ಮಾತ್ರ ಹಳೆಯ ನಂಬರು ಅಳಿಸಿ ಖಾಲಿ ಬಿಟ್ಟಿತ್ತು.

“ಅಕ್ಕ, ಇದರ ನಂಬರು ಕೆರೆದವ ನಾನೇ.”

“ಅವ್ರಿಗೆ ಗೊತ್ತಿತ್ತು. ‘ಅವನೇ ಬಂದು ಬರೀತಾನೆ, ಜಾಗ ಬಿಟ್ಟಿದೀನಿ’ ಅಂದಿದ್ರು.”

ಮೇಜಿನ ಮೇಲಿದ್ದ ವೆಂಕಟಣ್ಣನ ಪೆನ್ಸಿಲನ್ನು ನನ್ನ ಕೈಗಿಟ್ಟು, ಸರೋಜಕ್ಕ ಎದುರಿಗೆ ಕುಳಿತರು. ನಾನು ಕಾಗದದ ಮೇಲೆ ಬಗ್ಗಿದೆ. ಯಾವ ಐಸಿ ಹಾಕಿದ್ದೆನೆಂದು ನನಗೆ ನೆನಪಿರಲಿಲ್ಲ.