ಹೇಳುವ ಮೊದಲೇ ಬಂದ ನಗು

ನಾನು ಮದುವೆಯಾಗಿ ಬಂದ ವರ್ಷ ಮುಳಬಾಗಿಲಿನ ಟೆಂಟಿಗೆ ಒಂದು ಇಂಗ್ಲಿಷ್ ಸಿನಿಮಾ ಬಂದಿತ್ತು. ಯಾವುದೋ ಕಾದಂಬರಿಯಿಂದ ತೆಗೆದ, ಮನೆ ತುಂಬ ಮಕ್ಕಳಿರುವ ಸಂಸಾರದ ತಮಾಷೆಯ ಕಥೆ. ಹೆಂಗಸರನ್ನು ಬೇರೆ ಮಾಡಿದ್ದ ತಡಿಕೆಯ ಆಚೆ ಕುಳಿತು, ಇಂಟರ್‌ಮೀಡಿಯೆಟ್ ಓದುತ್ತಿದ್ದ ನನ್ನ ಮೈದುನ ಪ್ರತಿ ಮಾತನ್ನೂ ಕನ್ನಡದಲ್ಲಿ ಕೂಗಿ ಹೇಳುತ್ತಿದ್ದ. ಅವನು ಹೇಳಿದ ಮೇಲೆಯೇ ಎಲ್ಲರೂ ನಗುವುದು ಪದ್ಧತಿ.

ನಾನು ಕೋಲಾರದ ಶಾಲೆಯಲ್ಲಿ ಇಂಗ್ಲಿಷ್ ಕಲಿತಿದ್ದೆ. ಸಿನಿಮಾದಲ್ಲಿ ಊಟದ ಮೇಜಿನ ಮುಂದೆ ಮಕ್ಕಳ ಮೇಲೆ ರೇಗುತ್ತಿದ್ದ ಅಪ್ಪನಿಗೆ, ಮೊದಲು ಗಡ್ಡಕ್ಕೆ ಮೆತ್ತಿದ್ದನ್ನು ಒರೆಸಿಕೊಳ್ಳಿ ಎಂದು ಹೆಂಡತಿ ಹೇಳಿದಳು. ತಡೆಯಲಾಗದೆ ನಕ್ಕುಬಿಟ್ಟೆ. ಇಡೀ ಟೆಂಟಿನಲ್ಲಿ ನಕ್ಕವಳು ನಾನೊಬ್ಬಳೇ.

"ಓಹೋ, ನಮ್ಮತ್ತಿಗೆಗೆ ಎಲ್ಲಾ ಗೊತ್ತು! ನೀವೇ ಹೇಳಿ ಅತ್ತಿಗೆ, ಗಂಡಸರೂ ಕೇಳ್ಲಿ," ಎಂದು ಮೈದುನ ಕೂಗಿದ. ಆ ಕಡೆಯವರು ಗೊಳ್ಳೆಂದರು. ಅವರ ನಡುವೆ ಕುಳಿತಿದ್ದ ನನ್ನ ಗಂಡ ಒಂದು ಮಾತೂ ಆಡಲಿಲ್ಲ. ಅದನ್ನು ನಾನು ಇಂದಿಗೂ ಮರೆತಿಲ್ಲ.

ಸೆರಗನ್ನು ಬಾಯಿಗೊತ್ತಿಕೊಂಡು ತಲೆ ತಗ್ಗಿಸಿದೆ. ಮೈದುನ ನಿಧಾನವಾಗಿ ಆ ಮಾತನ್ನು ಕನ್ನಡದಲ್ಲಿ ಹೇಳಿದ. ಹೆಂಗಸರೆಲ್ಲ ನಕ್ಕರು. ಅತ್ತೆಯವರು ನನ್ನ ತೋಳು ತಿವಿದು, "ಈಗ ನಗು ಕಣೇ, ಈಗ ನಗ್ಬೋದು," ಎಂದರು.

ನಕ್ಕೆ. ಹೇಳಿಸಿಕೊಂಡು ನಕ್ಕ ಆ ನಗು ನೆನಪಾದರೆ ಈ ವಯಸ್ಸಿನಲ್ಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.