ಬಾವುಟದಕ್ಕನ ಗಂಟಲು

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಸೈನ್ಯದ ತರಬೇತಿ ಶಿಬಿರದ ಹೊಸ ಹುಡುಗರು ಗುಡ್ಡದ ಬುಡದಲ್ಲಿ ಬಂದೂಕು ಮುಂದಿಟ್ಟುಕೊಂಡು ಬೋರಲು ಮಲಗಿದ್ದಾರೆ. ಗುಡ್ಡದ ನೆತ್ತಿಯ ಮೇಲೆ, ಸುತ್ತಿದ ಕೆಂಪು ಬಾವುಟವನ್ನು ಕಂಕುಳಲ್ಲಿ ಅವುಚಿಕೊಂಡು ಬಾವುಟದಕ್ಕ ನಿಂತಿದ್ದಾರೆ. ಬೇಲಿಯೊಳಗೆ ಯಾರೂ ಇಲ್ಲವೆಂದು ನೋಡಿ ಅವರು ಅದನ್ನು ಕಂಬಕ್ಕೇರಿಸುವ ತನಕ ಒಂದು ಗುಂಡೂ ಹಾರುವಂತಿಲ್ಲ.

ಗುಂಡು ಹಾರಿಸುವ ದಿನ ಗುಡ್ಡ ಸೈನ್ಯದ್ದು, ಉಳಿದ ದಿನ ಊರ ದನಕರುಗಳದ್ದು. ಯಾವ ದಿನ ಯಾರದೆಂಬುದು ದನಗಳಿಗೆ ತಿಳಿಯಬೇಕಲ್ಲ! ಗುಂಡು ಹೊಡೆಯುವವರು ಆಚೆ, ರಾತ್ರಿ ಗುಂಡು ಹಾಕಿ ದನ ಕಟ್ಟಲು ಮರೆತವರು ಈಚೆ. ನಡುವೆ ಗುಂಡಿಗೆ ಗಟ್ಟಿಯಿರುವ ಈ ಅಕ್ಕ. ಮೊದಲು ಈ ಕೆಲಸ ಗಂಡನದು. ಅವರ ಮಂಡಿ ಕೈಕೊಟ್ಟ ಮೇಲೆ ಬಾವುಟ ಇವರ ಕೈಗೆ ಬಂತು.

ಪರರ ದನಿಗೆ ದನ ಕಿವಿಗೊಡುವುದಿಲ್ಲ. ಅದಕ್ಕೇ ಅಕ್ಕ ಊರವರ ಗಂಟಲುಗಳನ್ನೆಲ್ಲ ಕಲಿತಿದ್ದಾರೆ. ದರ್ಜಿಯ ಹಸುವನ್ನು ಮೂಗಿನಲ್ಲಿ ಎಳೆದು ಕರೆಯುತ್ತಾರೆ. ಮೇಷ್ಟ್ರ ಆಡುಗಳಿಗೆ ಹಾಜರಿ ಕೂಗುವ ಧಾಟಿ. "ನಮ್ಮನೆಯವ್ರ ದನೀಲಿ ಕರೆದ್ರೆ ಮಾತ್ರ ಯಾವುದೂ ಬರಲ್ಲ. ನಾನೇ ಬರಲ್ಲ, ಇನ್ನು ದನ ಬರುತ್ತಾ?" ಎನ್ನುತ್ತಾರೆ.

ಇವತ್ತು ಹಾಲಿನ ಚಿಕ್ಕಮ್ಮನ ಗಬ್ಬದ ಎಮ್ಮೆ ಗುರಿಹಲಗೆಗಳ ಹಿಂದಿನ ಪೊದೆ ಹೊಕ್ಕು ಕೂತಿದೆ. ಕೊಂಡು ವಾರವಷ್ಟೇ ಆಗಿರುವ ಅದಕ್ಕೆ ಒಡತಿಯ ದನಿ ಇನ್ನೂ ಕಿವಿಗೆ ಹತ್ತಿಲ್ಲ. ಬೇಲಿಯಾಚೆ ಚಿಕ್ಕಮ್ಮ ಕರೆದು ಕರೆದು ಅಳುವ ಹಾಗಾಗಿದ್ದಾಳೆ. ವಾಕಿಟಾಕಿಯಲ್ಲಿ ತರಬೇತಿ ಸಾಹೇಬರು ಸಿಡುಕುತ್ತಾರೆ: "ಅಕ್ಕಾ, ಬಾವುಟ ಏರ್ಸ್ತೀರೋ, ಇಲ್ಲಾ ಹುಡುಗ್ರಿಗೆ ಹೊದಿಕೆ ತರ್ಸ್ಲೋ?"

"ತರ್ಸಿ ಸಾಹೇಬ್ರೇ. ಎಮ್ಮೆ ಈಚೆ ಬರೋ ತನಕ ನಾನು ಬಾವುಟ ಬಿಚ್ಚಲ್ಲ."

ಅದು ಮೊದಲು ಯಾರ ಕೊಟ್ಟಿಗೆಯದಾಗಿತ್ತೆಂದು ಅಕ್ಕ ಕೂಗಿ ಕೇಳುತ್ತಾರೆ. ಶಿಬಿರದ್ದೇ, ಅಲ್ಲಿಯ ಡೈರಿ ಮುಚ್ಚಿದಾಗ ಕೊಂಡದ್ದು ಎನ್ನುತ್ತಾಳೆ ಚಿಕ್ಕಮ್ಮ. ಅಕ್ಕನ ಮುಖ ಅರಳುತ್ತದೆ. ಆ ಕೊಟ್ಟಿಗೆ ಇದ್ದದ್ದು ಪರೇಡ್ ಮೈದಾನದ ಪಕ್ಕದಲ್ಲಿ. ಸಾಹೇಬರ ಕೂಗಿಗೆ ಪರೇಡ್ ಮುಗಿದು ಹುಡುಗರು ತಿಂಡಿಗೆ ಹೊರಟ ಹೊತ್ತಿಗೇ ಎಮ್ಮೆಗಳಿಗೂ ಮೇವು ಬೀಳುತ್ತಿತ್ತು. ಅಕ್ಕ ಎದೆಯುಬ್ಬಿಸಿ, ಸಾಹೇಬರ ಗಂಟಲನ್ನು ಹೊಕ್ಕುಳಿಂದ ಎತ್ತಿ ಒದರುತ್ತಾರೆ: "ಪರೇ...ಡ್, ಡಿಸ್‌ಮಿಸ್!"

ಪೊದೆ ಅಲುಗುತ್ತದೆ. ಎಮ್ಮೆ ಎದ್ದು, ಊಟದ ಮನೆಗೆ ಹೊರಟ ಗತ್ತಿನಲ್ಲಿ ಇಳಿದು ಬರುತ್ತದೆ. ಕೆಳಗೆ ಹುಡುಗರೂ ಎದ್ದು, ಮಂಡಿ ಕೊಡವಿಕೊಂಡು, ತಿಂಡಿಯ ದಿಕ್ಕು ಹಿಡಿದಿದ್ದಾರೆ!

ಅಸಲಿ ಸಾಹೇಬರು ಅಸಲಿ ದನಿಯಲ್ಲಿ ಹುಡುಗರನ್ನು ಮತ್ತೆ ಮಲಗಿಸುತ್ತಾರೆ. ಅವರು ನಗುತ್ತಿದ್ದಾರೋ ಹಲ್ಲು ಕಡಿಯುತ್ತಿದ್ದಾರೋ, ವಾಕಿಟಾಕಿಯಲ್ಲಿ ತಿಳಿಯುವುದಿಲ್ಲ. ಎಮ್ಮೆ ಬೇಲಿ ದಾಟುತ್ತದೆ, ಬಾವುಟ ಏರುತ್ತದೆ, ಮೊದಲ ಗುಂಡು ಹಾರುತ್ತದೆ.

ಎಮ್ಮೆಯ ಕೊರಳು ತಬ್ಬಿಕೊಂಡ ಚಿಕ್ಕಮ್ಮನಿಗೆ ಈಗ ನಗು ತಡೆಯದು. ಇಡೀ ದಂಡನ್ನೇ ಎಬ್ಬಿಸಿಬಿಟ್ಟೆಯಲ್ಲೇ ಎಂದು ಅಕ್ಕನನ್ನು ಛೇಡಿಸುತ್ತಾಳೆ.

ಬಾವುಟದಕ್ಕ ಗಂಟಲು ನೀವಿಕೊಳ್ಳುತ್ತಾರೆ. "ಹುಡುಗ್ರದೇನು ಬಿಡು, ಏಳೋಕೆ ನೆಪ ಸಿಕ್ರೆ ಸಾಕು ಅವಕ್ಕೆ. ಎಮ್ಮೆ ಹಂಗಲ್ಲ. ಅದು ನಂಬ್ತು ನೋಡು."